ಸಕ್ಕರೆ ಸೀಮೆಯಿಂದ ಬಂದ ಅಣ್ಣ

ಚನ್ನಪಟ್ಟಣದಲ್ಲಿ ನಮ್ಮದು ರೇಷ್ಮೆ ವ್ಯಾಪಾರದ ಮನೆ. ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು ಮನೆಗೆಲಸದ ಅಕ್ಕ.

ನಾನು ಚಿಕ್ಕವಳಿದ್ದಾಗ ಶಾಲೆಯಲ್ಲಿ ಉಪಾಧ್ಯಾಯಿನಿ ಒಂದು ಪಾಠ ಹೇಳಿದರು. ಆಫ್ರಿಕಾದ ಜನರನ್ನು ಸರಪಳಿ ಹಾಕಿ ಹಡಗಿಗೆ ತುಂಬಿ, ಅಟ್ಲಾಂಟಿಕ್ ಸಾಗರದಾಚೆಯ ಕಬ್ಬಿನ ತೋಟಗಳಿಗೆ ಮಾರುತ್ತಿದ್ದರಂತೆ. ಆ ಲಾಭದಲ್ಲಿ ವರ್ತಕರು ಅರಮನೆಯಂಥ ಮನೆ ಕಟ್ಟಿಸಿದರಂತೆ.

ಸಂಜೆ ಜಡೆ ಹಾಕುತ್ತಿದ್ದ ಅಜ್ಜಿಗೆ ಅದನ್ನೇ ಹೇಳಿದೆ. ಅವಳ ಕೈ ನಿಂತಿತು.

“ಆ ಮಾರಾಟ ನಿಂತ ಮೇಲೆ ಅಂಥ ತೋಟಗಳಿಗೆ ನಮ್ಮ ಕಡೆ ಕೂಲಿಯೋರ್ನ ಕರ್ಕೊಂಡ್ ಹೋದ್ರು ಕಣವ್ವ. ತಲೆಗಿಷ್ಟು ಅಂತ ದಲ್ಲಾಳಿ ದುಡ್ಡು ಸಿಕ್ತಿತ್ತು. ನಿಮ್ ತಾತ ಈ ಮಹಡಿ ಕಟ್ಸಿದ್ದು ಅದ್ರಲ್ಲೇ. ಅಕ್ಕನ ಅಣ್ಣನ್ನೂ ಹಂಗೇ ಕಳ್ಸ್‌ಬುಟ್ರು.”

ತಾತ ತೀರಿಕೊಂಡಿದ್ದರು. ಅಕ್ಕನ ಅಣ್ಣ ಇನ್ನೂ ಹಿಂತಿರುಗಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವನು ಬಂದ. ರೈಲಿಳಿದು ನೇರವಾಗಿ ನಮ್ಮ ಬಾಗಿಲಿಗೆ ಬಂದು ನಿಂತವನನ್ನು ಅಕ್ಕನೇ ಗುರುತಿಸಲಿಲ್ಲ.

“ಯಾರ್ ಬೇಕಾಗಿತ್ತು?” ಅಂದಳು.

“ನಾನ್ ಕಣವ್ವ, ನಿಮ್ಮಣ್ಣ. ಅವ್ವ ಎಲ್ಲವ್ಳೆ?”

ನಮ್ಮಲ್ಲೇ ಕೆಲಸಕ್ಕಿದ್ದ ಅವರ ಅವ್ವ ಸತ್ತು ಎಷ್ಟೋ ವರ್ಷವಾಗಿತ್ತು. ಅಕ್ಕ ಅವನ ಕೈ ಹಿಡಿದುಕೊಂಡಳು. ಅವನಿಗೆ ಅರ್ಥವಾಯಿತು. ಇಬ್ಬರೂ ಜಗುಲಿಯಲ್ಲೇ ಕೂತು ಅತ್ತರು.

ಅಜ್ಜಿ ಅವನನ್ನು ನಡುಮನೆಗೆ ಕರೆದು, ಎಲೆ ಹಾಕಿ, ತಾನೇ ಬಡಿಸಿದಳು.

“ತಪ್ಪಾಯ್ತು ಕಣಪ್ಪ. ನಿಮ್ಮಂತೋರ ಬೆವರಲ್ಲಿ ನಾವು ಬಾಳಿದ್ವಿ.”

ಅವನು ಎಲೆಯ ಮೇಲಿನ ಅನ್ನವನ್ನು ನೋಡಿದ. “ನನ್ ಜೊತೆ ಬಂದೋರು ಬಾಳ ಜನ ಅಲ್ಲೇ ಮಣ್ಣಾದ್ರು, ಅಮ್ಮಾರೆ. ಅವ್ರಿಗ್ ಯಾರ್ ಬಡುಸ್ತಾರೆ?”

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕಣ್ವ ಹೊಳೆಯ ಬದಿಯಲ್ಲಿ ತಾತ ಕೊಂಡಿದ್ದ ಹೊಲವೊಂದಿತ್ತು. ಅಪ್ಪ ಬೇಡವೆಂದರೂ ಕೇಳದೆ ಅಜ್ಜಿ ಅದನ್ನು ಅಣ್ಣತಂಗಿಯರ ಹೆಸರಿಗೆ ಮಾಡಿಸಿದಳು. ಅವನು ಅಲ್ಲೊಂದು ಮನೆ ಕಟ್ಟಿಕೊಂಡು ಹಿಪ್ಪುನೇರಳೆ ಹಾಕಿದ. ಕಬ್ಬು ಹಾಕು ಎಂದವರಿಗೆ ಬೇಡವೆಂದು ತಲೆಯಾಡಿಸಿದ.

ಅಕ್ಕ ಅಲ್ಲಿಗೆ ಹೊರಟ ದಿನ ನಾನು ಅವಳ ಸೊಂಟ ತಬ್ಬಿ ಅತ್ತೆ.

“ಅಳಬ್ಯಾಡ ಕಣವ್ವ. ನಂಗೂ ಒಂದ್ ಮನೆ ಆಯ್ತಲ್ಲ, ನೀನೇ ಬಾ,” ಎಂದಳು.

ರಜೆಯ ದಿನಗಳಲ್ಲಿ ಹೋಗುತ್ತಿದ್ದೆ. ಬಿದಿರ ತಟ್ಟೆಗಳಲ್ಲಿ ರೇಷ್ಮೆಹುಳುಗಳು ಸೊಪ್ಪು ಮೇಯುವ ಸದ್ದು ಮಳೆಯಂತೆ ಕೇಳುತ್ತಿತ್ತು. ಅಣ್ಣ ಊಟಕ್ಕೆ ಕೂತರೆ ಅಕ್ಕ ಅವನನ್ನೇ ನೋಡುತ್ತ ಕೂರುತ್ತಿದ್ದಳು. “ಇನ್ನೊಸಿ ಹಾಕ್ಲಾ?” ಎಂದು ಕೇಳಿ, ಅವನು ಸಾಕೆನ್ನುವ ಮೊದಲೇ ಸಾರು ಬಡಿಸಿಬಿಡುತ್ತಿದ್ದಳು.