ಹಿಂದಿನ ಸೀಟಿನಲ್ಲಿದ್ದವರು ಶ್ರೀಧರ ಭಾವ

ಆ ದಿನ ಬೈಕು ಓಡಿಸುತ್ತಿದ್ದವಳು ನಾನು. ಶ್ರೀಧರ ಭಾವ ಹಿಂದೆ ಕೂತಿದ್ದರು. ನನ್ನ ಅಕ್ಕನೂ ಸೇರಿದಂತೆ ಮನೆಯವರೆಲ್ಲ ಇಷ್ಟು ವರ್ಷ ನಂಬಿಕೊಂಡು ಬಂದದ್ದು ಇದಕ್ಕೆ ತದ್ವಿರುದ್ಧವಾದದ್ದನ್ನು — ಹಾಗೆ ನಂಬಿಸಿದವಳೂ ನಾನೇ.

ಭಾವನಿಗೆ ಪುತ್ತೂರಿನಲ್ಲಿ ಪಂಪ್‌ಸೆಟ್ ಅಂಗಡಿ. ಅವರಿಗಿದ್ದದ್ದು ಒಂದೇ ಹುಚ್ಚು, ಮಂಗಳೂರಿನ ಯಾರಿಂದಲೋ ಕೊಂಡು ತಂದ ಹಳೆಯ ಇಟಲಿ ಬೈಕು. ಕೆಂಪು ಬಣ್ಣ, ಎರಡು ಸಿಲಿಂಡರ್, ಹಿಂದೆ ಎರಡೂ ಬದಿಗೆ ಸಾಮಾನಿನ ಪೆಟ್ಟಿಗೆ. ರೇಸಿನ ಗಾಡಿಯ ಇಂಜಿನ್ನು, ದೂರ ಹೋಗುವವರ ಸೀಟು. ಇದಕ್ಕೆ ಸ್ಪೋರ್ಟ್ ಟೂರರ್ ಅನ್ನುತ್ತಾರೆ ಎಂದು ನನಗೆ ವಿವರಿಸಿದ್ದರು. ಪೇಟೆಯೊಳಗೆ ಅದರಷ್ಟು ಮೊಂಡು ಗಾಡಿ ಇನ್ನೊಂದಿಲ್ಲ. ನಿಧಾನ ಹೋದರೆ ಜಗ್ಗಿ ಜಗ್ಗಿ ಕೆಮ್ಮುತ್ತಿತ್ತು. ಕ್ಲಚ್ಚು ಹಿಡಿದು ಹಿಡಿದು ಎಡಗೈ ಸೋಲುತ್ತಿತ್ತು. ಬಸ್ಸಿನ ಹಿಂದೆ ಸಿಕ್ಕಿಕೊಂಡರೆ ಇಂಜಿನ್ನಿನ ಬಿಸಿ ನೇರ ತೊಡೆಗೆ. ಆದರೆ ಪೇಟೆ ದಾಟಿ ಮೂರನೇ ಗೇರಿಗೆ ಬಂದ ಮೇಲೆ ಕೆಮ್ಮು ನಿಂತು ಒಂದೇ ಉದ್ದದ ದಪ್ಪ ಸ್ವರ. ತಿರುವಿನಲ್ಲಿ ಒಮ್ಮೆ ವಾಲಿಸಿದರೆ ಸಾಕು, ಹಳಿಯ ಮೇಲಿದ್ದ ಹಾಗೆ ತಾನೇ ಸುತ್ತಿ ಹೊರಗೆ ಬರುತ್ತಿತ್ತು. ಅದನ್ನು ಅನುಭವಿಸಿದವರಿಗೆ ಬೇರೆ ಗಾಡಿ ಸಪ್ಪೆ ಅನ್ನಿಸುತ್ತದೆ. ನನಗೂ ಅನ್ನಿಸಿತು.

ನನಗೆ ಕಲಿಸಿದವರು ಅವರೇ. ಆಗ ನಾನು ಸುಳ್ಯದಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದೆ. ಕೆಲವು ಭಾನುವಾರ ಭಾವ ಪುತ್ತೂರಿನಿಂದ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಜನ ಕಡಿಮೆಯಾದ ಮೇಲೆ ಗಾಡಿ ನನ್ನ ಕೈಗೆ. "ಕಾಲು ನೆಲಕ್ಕೆ ತಾಗ್ತದಲ್ಲ, ಮತ್ತೆಂತ ಹೆದರಿಕೆ?" ಅನ್ನುತ್ತಿದ್ದರು. ಅಕ್ಕನಿಗೆ ಇದು ಗೊತ್ತಿರಲಿಲ್ಲ. ನಾನು ಸುಮ್ಮನೆ ಹಿಂದೆ ಕೂತು ತಿರುಗಾಡುತ್ತೇನೆ ಎಂದುಕೊಂಡಿದ್ದಳು. ಅವಳಿಗೆ ಹೇಳುವುದು ಬೇಡ ಎಂದು ಭಾವನನ್ನು ಒಪ್ಪಿಸಿದವಳು ನಾನು.

ಆ ಬೆಳಿಗ್ಗೆ ನೆಟ್ಟಣದ ರೈಲ್ವೆ ಸ್ಟೇಷನ್ ಹತ್ತಿರ ಚಹಾ ಕುಡಿದು ಕಡಬದ ಕಡೆಗೆ ಹೊರಟೆವು. ಅಲ್ಲಿಂದ ನಾನು ಮುಂದೆ. ಕಾಡಿನ ನಡುವಿನ ರಸ್ತೆ, ಒಂದರ ಹಿಂದೆ ಒಂದು ತಿರುವು, ಎಲ್ಲವೂ ನಾನು ನೆನೆಸಿದ ಹಾಗೆಯೇ ಆಗುತ್ತಿತ್ತು. ಭಾವ ನನ್ನ ಭುಜ ತಟ್ಟಿದರು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಸಾಕು, ನಿಧಾನ — ಎಂದು. ನನಗೆ ಅರ್ಥವಾಗಿತ್ತು. ಅರ್ಥವಾಗಿಯೂ...

ಮುಂದಿನ ತಿರುವು ನಾನು ಅಂದುಕೊಂಡದ್ದಕ್ಕಿಂತ ಕಡಿದಾಗಿತ್ತು. ಹೆದರಿ ಆಕ್ಸಿಲರೇಟರ್ ಹಿಡಿದ ಕೈ ಪೂರ್ತಿ ಸಡಿಲಿಸಿದೆ, ಮುಂದಿನ ಚಕ್ರದ ಬ್ರೇಕು ಹಿಂಡಿದೆ. ತಿರುವಿನ ನಡುವೆ ಎಂದೂ ಮಾಡಬಾರದು ಎಂದು ಅವರು ಮೊದಲ ದಿನವೇ ಹೇಳಿಕೊಟ್ಟದ್ದನ್ನೇ ಮಾಡಿದೆ. ವಾಲಿದ್ದ ಬೈಕು ನೆಟ್ಟಗೆ ಎದ್ದು ನಿಂತು ನೇರ ಚರಂಡಿಗೆ ಹೋಯಿತು.

ನನ್ನ ಪಾದದ ಗಂಟು ಮುರಿದಿತ್ತು. ಹೆಲ್ಮೆಟ್ ಇದ್ದರೂ ಭಾವನಿಗೆ ಎಚ್ಚರವಿರಲಿಲ್ಲ. ಜೀಪು ನಿಲ್ಲಿಸಿ ನಮ್ಮನ್ನು ಎತ್ತಿದವರು ಯಾರು ಓಡಿಸುತ್ತಿದ್ದದ್ದೆಂದು ಕೇಳಲೇ ಇಲ್ಲ — ಗಂಡಸು ಹೆಂಗಸು ಇದ್ದಾಗ ಅದನ್ನು ಯಾರು ಕೇಳುತ್ತಾರೆ? ಆಸ್ಪತ್ರೆಯಲ್ಲಿ ಅಕ್ಕ ಕೇಳಿದ್ದು ಬೇರೆ.

"ಜೋರು ಬಿಡ್ತಿದ್ರಾ ಇವರು?"

"ಸ್ವಲ್ಪ ಜೋರೇ ಇತ್ತು," ಅಂದೆ.

ಮರುದಿನ ಭಾವನಿಗೆ ಎಚ್ಚರವಾಯಿತು. ನೆಟ್ಟಣದ ಚಹಾದವರೆಗೆ ಎಲ್ಲ ನೆನಪಿತ್ತು. ಆಮೇಲಿನದು ಏನೂ ಇಲ್ಲ. ಅದನ್ನು ಕೇಳಿ ನನಗೆ ಆದದ್ದು ಸಮಾಧಾನ. ಬೇರೆ ಶಬ್ದ ಹುಡುಕಿದೆ, ಸಿಗಲಿಲ್ಲ. ಅಕ್ಕ ಹೊರಗೆ ಹೋದಾಗ ಅವರು ಮೆಲ್ಲನೆ ಕೇಳಿದರು:

"ನೆಟ್ಟಣದಿಂದ ಗಾಡಿ ಬಿಟ್ಟದ್ದು ಯಾರು?"

"ನೀವೇ ಭಾವ."

ಅವರ ಕಣ್ಣು ತುಂಬಿತು. "ನಿನ್ನ ಕಾಲು ಮುರಿದೆನಲ್ಲ ಮಾರಾಯ್ತಿ..." ಅಂದರು. "ಹೋಗ್ಲಿ ಬಿಡಿ," ಅಂದೆ ನಾನು. ಕ್ಷಮಿಸಿದೆ — ಅವರನ್ನು, ನಾನು.

ಗಾಡಿ ಮಾರಿಹೋಯಿತು. ಮನೆಯಲ್ಲಿ ಯಾವ ಮಾತು ಬೆಳೆದರೂ ಅಕ್ಕ ಅಲ್ಲಿಗೇ ತಂದು ನಿಲ್ಲಿಸುತ್ತಿದ್ದಳು: "ನನ್ನ ತಂಗಿಯನ್ನು ಸಾಯಿಸಿಯೇ ಬಿಡ್ತಿದ್ರಿ ನೀವು." ನಾನು ಎದುರಿಗಿದ್ದಾಗಲೂ ಹೇಳಿದ್ದಾಳೆ. ಭಾವ ತಲೆ ತಗ್ಗಿಸುತ್ತಿದ್ದರು. ನಾನು ಒಳಗೆ ಹೋಗುತ್ತಿದ್ದೆ.

ಮೊನ್ನೆ ಕಡಬದಲ್ಲಿ ನೆಂಟರ ಮನೆಯ ಗೃಹಪ್ರವೇಶ. ಅಂಗಳದಲ್ಲಿ ಅಂಥದೇ ಇಟಲಿ ಬೈಕು, ಹೊಸತು. ಭಾವ ದೂರದಿಂದ ನೋಡುತ್ತ ನಿಂತದ್ದನ್ನು ಕಂಡು ಅದರ ಯಜಮಾನ ಕೀ ಚಾಚಿದ. "ಒಂದು ರೌಂಡ್ ಹೋಗಿ ಬನ್ನಿ ಅಣ್ಣ."

"ಬೇಡ ಮಾರಾಯ. ನನ್ನ ಕೈ ನಂಬ್ಲಿಕ್ಕೆ ಆಗುದಿಲ್ಲ," ಎಂದು ಭಾವ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

ಅಕ್ಕ ಅಲ್ಲೇ ಉಳಿದಳು. ನನ್ನನ್ನು ಸುಳ್ಯಕ್ಕೆ ಬಿಡಲು ಭಾವ ಕಾರು ತೆಗೆದರು. ಅವರು ಈಗ ಕಾರು ಓಡಿಸುವುದೂ ಎಷ್ಟು ನಿಧಾನವೆಂದರೆ, ಹಿಂದಿನವರು ಹಾರ್ನ್ ಹೊಡೆಯುತ್ತಲೇ ಇರುತ್ತಾರೆ. ಅರ್ಧ ದಾರಿಯಲ್ಲಿ ಹೇಳಿದೆ. "ಭಾವ, ಆ ದಿನ ಗಾಡಿ ಬಿಡ್ತಿದ್ದದ್ದು ನಾನು."

ಅವರು ಕಾರನ್ನು ಬದಿಗೆ ನಿಲ್ಲಿಸಿದರು. ನನ್ನ ಕಡೆ ತಿರುಗಲಿಲ್ಲ.

"ನಿಧಾನ ಹೋಗು ಅಂತ ನಾನು ಹೇಳ್ಲಿಲ್ವಾ?"

"ಹೇಳಿದ್ರಿ. ಎರಡು ಸಲ ಭುಜ ತಟ್ಟಿದ್ರಿ."

"ಹಾಗಾದ್ರೆ ನಾನು ಸರಿಯೇ ಇದ್ದೆ," ಅಂದರು. ನನಗೆ ಹೇಳಿದ್ದಲ್ಲ ಅದು.

ಅಕ್ಕನಿಗೂ ನಾನೇ ಹೋಗಿ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ. "ಇಷ್ಟು ವರ್ಷ ನನ್ನ ಬಾಯಲ್ಲಿ ಅವರಿಗೆ ಎಂತೆಲ್ಲ ಹೇಳಿಸಿದೆ ನೀನು," ಎಂದಳು. ಆಮೇಲೆ ಫೋನ್ ಮಾಡಿಲ್ಲ. ಮಾಡಬೇಕೆಂದು ನಾನೂ ಕೇಳುವುದಿಲ್ಲ.

ಭಾವನಿಗೆ ಒಮ್ಮೆ ಹೇಳಿ ನೋಡಿದೆ — ಇನ್ನಾದರೂ ಒಂದು ಗಾಡಿ ತೆಗೆದುಕೊಳ್ಳಿ ಎಂದು. ಅವರಿಗೆ ಸಿಟ್ಟು ಬರಲಿಲ್ಲ. "ಆಸೆ ಉಂಟಾ ಅಂತ ಹುಡುಕಿದೆ. ಇಲ್ಲ," ಅಂದರು.