ಜಪಸರ ನಿಂತ ಸಂಜೆ

ಮೊನ್ನೆ ಬ್ರಹ್ಮಾವರದಲ್ಲಿ ನೆಂಟರ ಹುಡುಗಿ ಲವಿನಾಳ ರೋಸ್. ನಮ್ಮ ಕ್ರಿಸ್ತಾನರ ಮನೆಗಳಲ್ಲಿ ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನಹಾಲು ಹಚ್ಚುವ ಶಾಸ್ತ್ರ ಅದು. ಆ ಹಸಿ ಹಾಲಿನ ಪರಿಮಳ ಮೂಗಿಗೆ ಬಡಿದರೆ ಸಾಕು, ಈ ವಯಸ್ಸಿನಲ್ಲೂ ನನಗೆ ಕುಣಿಯುವ ಹುಮ್ಮಸ್ಸು. ಮಂಡಿ ಮಾತ್ರ ಒಪ್ಪುವುದಿಲ್ಲ. ಅಷ್ಟರಲ್ಲಿ ಹಿರಿಯರೊಬ್ಬರು ಹುಡುಗಿಯ ತಲೆಗೆ ಹಾಲೆರೆದು ಬುದ್ಧಿ ಹೇಳಿದರು: "ಗಂಡ ಸಿಟ್ಟಲ್ಲಿ ಒಂದ್ ಪೆಟ್ಟ್ ಹೊಡ್ದ್ರೂ ತಡ್ಕಣ್ಕ್ ಮಗಾ. ಹೆಂಡ್ತಿ ಹೊರೂ ಶಿಲುಬೆ ಅದೇ."

ಸುತ್ತ ನಿಂತವರು ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯಿತು. ಈ ಉಪದೇಶ ನನಗೆ ಹೊಸದಲ್ಲ ನೋಡಿ, ಚಿಕ್ಕಂದಿನಲ್ಲಿ ಹಂಗಾರಕಟ್ಟೆಯ ನಮ್ಮ ಮನೆಯಲ್ಲೇ ಕೇಳಿದ್ದೆ.

ಪಪ್ಪ ದೋಣಿ ಕಟ್ಟುವವರು. ಇಗರ್ಜಿಯಲ್ಲಿ ಅವರು ಹಾಡಿದರೆ ಹೊಳೆಯಾಚೆಗೂ ಕೇಳುತ್ತದೆ ಎಂದು ಊರವರ ಹೊಗಳಿಕೆ. ಸಂಜೆ ಮನೆಯಲ್ಲಿ ಜಪಸರ ಹೇಳಿಸುವವರೂ ಅವರೇ. "ನಮೋ ಮರಿಯಾ" ಎಂದು ಅರ್ಧ ಪ್ರಾರ್ಥನೆ ಅವರು, ಉತ್ತರವಾಗಿ ಉಳಿದರ್ಧ ನಾವು. ಒಂದು ದಿನ ಅಮ್ಮ ಪಪ್ಪನನ್ನು ಕೇಳದೆ ಬೈಂದೂರಿಗೆ ಹೋಗಿ, ಕಾಯಿಲೆ ಬಿದ್ದ ತಂಗಿಯನ್ನು ನೋಡಿಕೊಂಡು ಬಂದಳು. ಬಾಗಿಲಲ್ಲೇ ನಮ್ಮೆದುರು ಪಪ್ಪ ಅವಳ ಕೆನ್ನೆಗೆ ಬಾರಿಸಿದರು. ಸಂಜೆ ಏನೂ ಆಗದವರಂತೆ ಮೊಣಕಾಲೂರಿ, ಅದೇ ಇಂಪಾದ ಸ್ವರದಲ್ಲಿ ಜಪಸರ ಶುರುಮಾಡಿದರು.

ಅಮ್ಮ ಉತ್ತರ ಕೊಡಲಿಲ್ಲ.

"ಎಂತ, ಬಾಯಿ ಬತ್ತಿಲ್ಯಾ?" ಎಂದರು ಪಪ್ಪ.

ಮನೆಮಾತು ಕೊಂಕಣಿಯಾದರೂ ಸಿಟ್ಟಿಗೆ ಇಬ್ಬರಿಗೂ ಕುಂದಾಪ್ರ ಕನ್ನಡವೇ ಬೇಕು. "ಹೊಡ್ದ ಕೈಯಂಗ್ ಜಪಸರ ಹಿಡೀಬೇಡಿ. ತಪ್ಪಾಯ್ತ್ ಅಂದ್ ಹೇಳುವರೆಗೂ ನಾನ್ ಉತ್ರ ಕೊಡುದಿಲ್ಲೆ" ಎಂದು ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಪ್ರಾರ್ಥನೆ ಬೇಗ ಮುಗಿಯಿತೆಂದು ನಾನು ಒಳಗೊಳಗೇ ಖುಷಿಪಟ್ಟೆ. ನನ್ನ ಭಕ್ತಿ ಅಷ್ಟರದ್ದು.

ಮುಂದಿನ ಸಂಜೆಗಳಲ್ಲಿ ನಾವು ಮಕ್ಕಳೂ ಅಮ್ಮನ ಜೊತೆ ಅಡುಗೆಮನೆ ಸೇರಿದೆವು; ಪಪ್ಪ ಎರಡೂ ಅರ್ಧಗಳನ್ನು ತಾವೇ ಹೇಳಿದರು. ಕೊನೆಗೆ ಪಾದ್ರಿಗಳನ್ನೇ ಕರೆತಂದರು. ಅವರು ಅಮ್ಮನನ್ನು ಕೂರಿಸಿ, "ಸಂಸಾರ ಅಂದಮೇಲೆ ಶಿಲುಬೆ ಇದ್ದದ್ದೇ. ಏಸುಸ್ವಾಮಿ ಹೊರಲಿಲ್ಲವೇ?" ಎಂದರು.

"ಹೊತ್ತದ್ದ್ ಸಮ, ಫಾದರ್. ಮೊಳೆ ಹೊಡ್ದವ್ರ್ ಯಾರ್?" ಎಂದಳು ಅಮ್ಮ.

ಪಾದ್ರಿಗಳು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಪಪ್ಪನ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಆ ವಾರವೇ ಅವರು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಮೆಲ್ಲಗೆ "ತಪ್ಪಾಯ್ತ್" ಎಂದರು. "ಮಕ್ಕಳೆದ್ರ್ ಹೊಡ್ದದ್ದಲ್ದಾ? ಮಕ್ಕಳೆದ್ರೇ ಹೇಳಿ" ಎಂದಳು ಅಮ್ಮ. ಹೇಳಿದರು. ಆಮೇಲೆ ಕೈ ಎತ್ತಲಿಲ್ಲ. ಅಂದಿನಿಂದ ಜಪಸರದ ಮೊದಲರ್ಧ ಅಮ್ಮನದು, ಉತ್ತರ ಪಪ್ಪನದು.

ಪಪ್ಪನಿಂದ ಕ್ಷಮೆ ಕೇಳಿಸಲು ನನ್ನ ಅಮ್ಮ ದೇವರೊಂದಿಗಿನ ಮಾತನ್ನೇ ನಿಲ್ಲಿಸಬೇಕಾಯಿತು. ಅಷ್ಟಾದರೂ ಇಷ್ಟು ವರ್ಷಗಳ ಮೇಲೆ ಅದೇ ಹಳಸಲು ಉಪದೇಶವನ್ನು ಇನ್ನೊಬ್ಬ ಹುಡುಗಿಯ ತಲೆಗೆ ಎರೆಯುತ್ತಾರೆಂದರೆ ಸುಮ್ಮನಿರುವುದು ಹೇಗೆ, ನೀವೇ ಹೇಳಿ.

ನಾನು ಮುಂದೆ ಹೋದೆ. "ಹ್ವಾಯ್, ಅದ್ ಶಿಲುಬೆ ಅಲ್ಲ ಮಾರಾಯ್ರೆ, ಪೆಟ್ಟ್" ಎಂದೆ. ಹಿರಿಯರು ಕೆಮ್ಮಿದರು. ಲವಿನಾಳ ಹಣೆಗೆ ಹಾಲು ಹಚ್ಚುತ್ತಾ, "ಅವ ಕೈ ಎತ್ತಿದ್ ದಿನವೇ ನಂಗೆ ಫೋನ್ ಮಾಡ್. ನಾನ್ ಬತ್ತೆ" ಎಂದೆ.

ಅವಳು ನಕ್ಕು ಸುಮ್ಮನಾಗುತ್ತಾಳೆ ಎಂದುಕೊಂಡಿದ್ದೆ. ಬದಲಿಗೆ ಒದ್ದೆ ಕೈಯಿಂದ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದು, ನನಗೊಬ್ಬಳಿಗೇ ಕೇಳುವಂತೆ ಹೇಳಿದಳು:

"ಆಂಟಿ, ನಿಮ್ ನಂಬರ್ ನನ್ ಹತ್ರ ಇಲ್ಲೆ. ಈಗ್ಲೇ ಕೊಡಿ."