ಗೀಟು ಹಾಕದ ಹತ್ತು ನಿಮಿಷ

ಅವಳನ್ನು ನಾನು ಮೊದಲು ಕಂಡದ್ದು ನನ್ನ ಮನೆ ಬಾಗಿಲಲ್ಲಿ, ಬೆಳಗ್ಗೆ ಐದೂಕಾಲಿಗೆ. ಹೆಗಲ ಮೇಲೆ ನಿದ್ದೆಗಣ್ಣಿನ ಮಗು, ತೋಳಿನ ಮೇಲೆ ಇಸ್ತ್ರಿ ಮಾಡಿದ ಯೂನಿಫಾರ್ಮಿನ ಅಂಗಿ. ಮಹಡಿಯ ಮನೆಗೆ ಹಿಂದಿನ ದಿನವಷ್ಟೇ ಸಾಮಾನು ತಂದಿದ್ದಳು.

"ಅಮ್ಮ, ಇವತ್ತೊಂದಿನ ಇವಳನ್ನ ನೋಡ್ಕೋತೀರಾ? ಎಂಬತ್ತು ಜನಾನ ಊರೆಲ್ಲ ಸುತ್ತಿಸ್ತೀನಿ, ಇದೊಂದನ್ನ ಎಲ್ಲಿ ಕೂರಿಸ್ಲಿ ಅಂತ ಗೊತ್ತಾಗ್ತಿಲ್ಲ."

ಸಿಟಿ ಬಸ್ಸಿನ ಡ್ರೈವರ್ ಅವಳು. ಗಂಡನಿಂದ ಬೇರೆಯಾಗಿ ಬಂದಿದ್ದಳು. ವಿಚ್ಛೇದನದ ಕೇಸು, ಮಗು ಯಾರ ಹತ್ತಿರ ಇರಬೇಕೆಂಬ ಕೇಸು, ಎರಡೂ ಕೋರ್ಟಿನಲ್ಲಿದ್ದವು. ಬೀದಿಯವರು ಡ್ರೈವರಮ್ಮ ಎಂದರು, ನಾನೂ ಹಾಗೇ ಕರೆದೆ. ಮಗುವಿಗೆ ಮೂರು ವರ್ಷ. ದುಂಡಗೆ ಸುತ್ತಿಕೊಂಡು ಮಲಗುತ್ತಿದ್ದುದರಿಂದ ಬಟಾಣಿ ಎಂದೆ. ಇವತ್ತೊಂದಿನ ಎಂದದ್ದು ಎರಡು ವರ್ಷವಾಯಿತು.

ಬಟಾಣಿಗೆ ಉಬ್ಬಸವಿತ್ತು, ಔಷಧಿಯ ಹೊತ್ತು ತಪ್ಪಬಾರದು. ನನಗೆ ಅಕ್ಷರ ಅಷ್ಟಕ್ಕಷ್ಟೆ. ನಮ್ಮ ಯಜಮಾನರು ಹಾಸಿಗೆ ಹಿಡಿದಾಗಲೂ ಕ್ಯಾಲೆಂಡರಿನ ಮೇಲೆ ಗುರುತು ಹಾಕಿಯೇ ಔಷಧಿ ಕೊಟ್ಟವಳು. ಅದೇ ರೂಢಿ ಮುಂದುವರಿಯಿತು. ಮಗು ಬಂದರೆ ಒಂದು ಸೊನ್ನೆ, ಔಷಧಿಗೊಂದು ಚುಕ್ಕೆ, ಅಮ್ಮ ಕರೆದುಕೊಂಡು ಹೋದರೆ ಒಂದು ಗೀಟು, ಪಕ್ಕದಲ್ಲಿ ಗಂಟೆ. ಒಂದು ದಿನವೂ ತಪ್ಪಿಸಲಿಲ್ಲ.

ಅವಳ ಬಸ್ಸು ನಮ್ಮ ಬೀದಿಯ ಕೊನೆಯಲ್ಲೇ ತಿರುಗುತ್ತಿತ್ತು. ಅಲ್ಲಿ ಹದಿನೈದು ನಿಮಿಷ ಬಿಡುವು. ಉಳಿದ ಡ್ರೈವರುಗಳು ಟೀ ಕುಡಿಯುವಾಗ ಇವಳು ಓಡಿ ಬರುತ್ತಿದ್ದಳು. ಹೋಗಿಬರುವ ದಾರಿ ಕಳೆದರೆ ಹತ್ತು ನಿಮಿಷ ಸಿಗುತ್ತಿತ್ತು. ತಲೆ ಬಾಚುವಳು, ಉಗುರು ತೆಗೆಯುವಳು, ಎರಡು ತುತ್ತು ತಿನ್ನಿಸುವಳು. ದಿನಕ್ಕೆ ಮೂರು ಸಲ.

"ಯಾರಾದ್ರೂ ನಿನ್ನ ಬಸ್ಸನ್ನೇ ಹೊಡ್ಕೊಂಡು ಹೋದ್ರೆ ಏನ್ಮಾಡ್ತಿ?" ಎಂದು ಛೇಡಿಸುತ್ತಿದ್ದೆ.

"ಹೋಗ್ಲಿ ಬಿಡಿ. ಆ ಕ್ಲಚ್ಚು ನನ್ನ ಮಾತು ಬಿಟ್ರೆ ಇನ್ಯಾರ ಮಾತೂ ಕೇಳಲ್ಲ. ಮುಂದಿನ ಸ್ಟಾಪಲ್ಲೇ ಕೈಮುಗಿದು ಬಿಟ್ಟು ಹೋಗ್ತಾನೆ."

ಆ ಬಂದುಹೋಗುವುದಕ್ಕೆ ನಾನು ಗುರುತು ಹಾಕುತ್ತಿರಲಿಲ್ಲ. ಹೆತ್ತವಳು ಮಗುವನ್ನು ನೋಡಲು ಬಂದದ್ದನ್ನು ಯಾರಾದರೂ ಬರೆದಿಡುತ್ತಾರೆಯೇ?

ಒಂದು ಮಧ್ಯಾಹ್ನ ಗಂಡನ ಕಡೆಯ ವಕೀಲರು ಬಂದರು. ಕುರ್ಚಿಯ ತುದಿಯಲ್ಲಿ ಕೂತು ನಯವಾಗಿ ಮಾತಾಡಿದರು. ಕ್ಯಾಲೆಂಡರು ಅವರ ಕಣ್ಣಿಗೆ ಬಿತ್ತು. ಏನೆಂದು ಕೇಳಿದರು, ಹೇಳಿದೆ.

"ನಮ್ಮ ಆಫೀಸಲ್ಲಿ ಓದ್ದೋರೂ ಇಷ್ಟು ಅಚ್ಚುಕಟ್ಟಾಗಿ ಇಡಲ್ಲ ಅಜ್ಜಿ. ಮಗೂನ ನೀವು ಎಷ್ಟು ಚೆನ್ನಾಗಿ ನೋಡ್ಕೊಂಡಿದೀರಿ ಅಂತ ಜಡ್ಜ್ ಸಾಹೇಬ್ರಿಗೂ ತಿಳೀಬೇಕಲ್ವಾ?"

ಅವರು ಯಾರ ಕಡೆಯವರೆಂದು ನನಗೆ ಗೊತ್ತಿತ್ತು. ಮೋಸಹೋದೆ ಎಂದು ಹೇಳಿಕೊಳ್ಳಲಾರೆ. ನನ್ನ ಗುರುತುಗಳನ್ನು ಅದುವರೆಗೆ ಯಾರೂ ಮೆಚ್ಚಿರಲಿಲ್ಲ, ಉಬ್ಬಿಹೋದೆ. ಮೊಳೆಯಿಂದ ನಾನೇ ಇಳಿಸಿ, ಹಿಂದಿನ ವರ್ಷದ್ದನ್ನೂ ಪೆಟ್ಟಿಗೆಯಿಂದ ತೆಗೆದು, ಸುತ್ತಿ, ದಾರ ಕಟ್ಟಿ ಕೊಟ್ಟೆ.

ಕೋರ್ಟಿನಲ್ಲಿ ಆ ವಕೀಲರು ನನ್ನನ್ನು ನಿಲ್ಲಿಸಿ ಒಂದೊಂದೇ ತಿಂಗಳು ಓದಿದರು.

"ಐದೂಕಾಲಿಗೆ ಬಂತು, ನಾಲ್ಕಕ್ಕೆ ಹೋಯ್ತು. ಸರಿ ತಾನೆ?"

"ಸರಿ."

"ಡಬಲ್ ಡ್ಯೂಟಿ ದಿನ ಸಂಜೆ ಏಳಕ್ಕೆ ಹೋಯ್ತು. ಸರಿ ತಾನೆ?"

"ಸರಿ. ಆದ್ರೆ ನಡುವೆ ಅವಳು ಬರ್ತಿದ್ಲು ಸ್ವಾಮಿ, ಮೂರು ಸಲ."

"ಅದಕ್ಕೆ ಗುರುತು ಎಲ್ಲಿದೆ?"

"ಹಾಕಿಲ್ಲ."

"ಔಷಧಿ ಚುಕ್ಕೆ ಒಂದೂ ತಪ್ಪಿಲ್ಲ. ತಾಯಿ ಬಂದಿದ್ದು ಮಾತ್ರ ಒಂದೂ ಇಲ್ಲ. ಅಲ್ವಾ ಅಜ್ಜಿ?"

ಡ್ರೈವರಮ್ಮನ ವಕೀಲೆ ಎದ್ದು ವಾದಿಸಿದಳು, ಆದರೆ ನನ್ನ ಕಾಗದ ಅವಳಿಗಿಂತ ಚೆನ್ನಾಗಿ ಮಾತಾಡಿತ್ತು.

ಮಗು ಅಪ್ಪನ ಪಾಲಾಯಿತು. ಅವನ ಮನೆಯಲ್ಲಿ ಅಜ್ಜಿಯಿದ್ದಳು, ಸೋದರತ್ತೆಯಿದ್ದಳು. ಅವನು ಕೆಟ್ಟವನೆಂದು ನಾನು ಹೇಳಲಾರೆ. ತಾಯಿಗೆ ಎರಡು ವಾರಕ್ಕೊಂದು ಶನಿವಾರ, ಹತ್ತರಿಂದ ಐದು. ಅವನು ಕೊಡುತ್ತಿದ್ದ ಜೀವನಾಂಶ ನಿಂತಿತು. ಮಗುವಿನ ಖರ್ಚಿಗೆ ಇನ್ನು ಇವಳೇ ಕೊಡಬೇಕು.

ಮೆಟ್ಟಿಲ ಬಳಿ ಅವಳನ್ನು ತಡೆದು, "ಬೈದಾದ್ರೂ ಬಿಡು ತಾಯಿ" ಎಂದೆ.

"ಯಾಕೆ, ನೀವು ಸುಳ್ಳು ಹೇಳಿದ್ರಾ? ಇಲ್ವಲ್ಲ" ಎಂದು ಮೇಲೆ ಹೋದಳು.

ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನಿಜವನ್ನೇ ಹೇಳಿ ಒಂದು ಮನೆ ಮುರಿದೆ. ಸುಳ್ಳು ಹೇಳಿದವಳಿಗಾದರೆ ತಪ್ಪೊಪ್ಪಿಕೊಳ್ಳಲು ಒಂದು ದಾರಿಯಿರುತ್ತದೆ.

ಶನಿವಾರಗಳಿಗೆ ಹತ್ತಿರವಾಗಲೆಂದು ಅವಳು ಡಿಪೋ ಬದಲಿಸಿಕೊಂಡಳು. ಮನೆ ಖಾಲಿ ಮಾಡಿದ ದಿನ ಬಟಾಣಿಯ ದಿಂಬು ತೆಗೆದುಕೊಂಡು ಹೋಗಲು ಒಳಗೆ ಬಂದಳು. ನನ್ನ ಮಂಚದ ಮೇಲೆ ಕೂತು, ದಿಂಬಿನ ಸುಕ್ಕುಗಳನ್ನು ಒಂದೊಂದಾಗಿ ನೀವಿದಳು. ಹೊರಗೆ ಲಾರಿಯವನು ಹಾರ್ನ್ ಹೊಡೆದ. ಎದ್ದವಳು ಬಾಗಿಲಲ್ಲಿ ನಿಂತಳು.

"ಅಮ್ಮ, ನಿಮಗಾದ್ರೆ ಸರಿಯಾಗಿ ಗೊತ್ತಿರುತ್ತೆ. ನಡುವೆ ಬಂದು ಹೋಗ್ತಿದ್ನಲ್ಲ, ನಾನು ಹೋದ್ಮೇಲೆ ಬಟಾಣಿ ಎಷ್ಟು ಹೊತ್ತು ಅಳ್ತಿದ್ಲು?"